ಊರಲ್ಲಿಲ್ಲದವನ ಉಮೇದವಾರಿ

ಬಿ.ಎ. ಪಾಸಾದವನು ಹೇಗಿರುತ್ತಾನೆ ಎಂದು ನೋಡಲು ನಮ್ಮೂರಿನ ಜನ ನಮ್ಮ ಮನೆಯ ಕಟ್ಟೆಯ ಮುಂದೆ ಸೇರಿದ್ದರು. ನೋಡಿ ನಿರಾಶರಾದರು. ಹೋದಾಗ ಹೇಗಿದ್ದೆನೋ ಹೆಚ್ಚುಕಡಿಮೆ ಹಾಗೇ ಬಂದಿದ್ದೆ. ಸ್ವಲ್ಪ ಉದ್ದವಾಗಿದ್ದೆ, ಮೂಗಿನ ಮೇಲೆ ಕನ್ನಡಕ ಏರಿತ್ತು, ಅಷ್ಟೇ. "ಇಷ್ಟಕ್ಕ ಎಂಟು ವರ್ಷ ಬೇಕಾದ್ವೇನು?" ಎಂದು ಒಬ್ಬ ಮುದುಕಿ ಕೇಳಿದಳು. ಆಗ ನನಗೆ ಸಿಟ್ಟು ಬಂದಿತ್ತು. ಈಗ ಕೂತು ಯೋಚಿಸಿದರೆ, ನನ್ನ ಪದವಿಯ ಬಗ್ಗೆ ಯಾರಾದರೂ ಆಡಿದ ಬುದ್ಧಿವಂತಿಕೆಯ ಮಾತು ಅದೊಂದೇ ಎನ್ನಿಸುತ್ತದೆ.

ನಮ್ಮ ಹಳ್ಳಿ ಗಬ್ಬೂರಿನಿಂದ ಎರಡು ಹರದಾರಿ. ತಾಲೂಕು ದೇವದುರ್ಗ, ಜಿಲ್ಲೆ ರಾಯಚೂರು, ರಾಜ್ಯ ನಿಜಾಮರದು. ಮಹಾಯುದ್ಧ ನಡೆಯುತ್ತಿದ್ದ ಕಾಲ. ಯಾರು ಯಾರನ್ನು ಹೊಡೆಯುತ್ತಿದ್ದಾರೆ ಎನ್ನುವುದು ನಮ್ಮೂರಿಗೆ ಗೊತ್ತಿರಲಿಲ್ಲ, ಸೀಮೆಎಣ್ಣೆ ಸಿಗುವುದಿಲ್ಲ ಎನ್ನುವುದು ಮಾತ್ರ ಚೆನ್ನಾಗಿ ಗೊತ್ತಿತ್ತು. ಅಪ್ಪ ಹೆಬ್ಬೆಟ್ಟಿನವನು. ಒಂದಿಷ್ಟು ಎರೆಹೊಲ, ಎರಡು ಎತ್ತು, ಒಂದು ಆಕಳು, ಹಣೆ ತುಂಬ ವಿಭೂತಿ, ಇದು ಅವನ ಆಸ್ತಿ. ಇಂಥವನಿಗೆ ಮಗನನ್ನು ಓದಿಸುವ ಹುಚ್ಚು ಎಲ್ಲಿಂದ ಹತ್ತಿತೋ ಕಾಣೆ. ಮಾನ್ವಿಯಲ್ಲಿದ್ದ ಸೋದರಮಾವನ ಮನೆಯಲ್ಲಿ ನನ್ನನ್ನು ಬಿಟ್ಟು ಅಲ್ಲಿಯ ಉರ್ದು ಶಾಲೆಗೆ ಹಾಕಿದ. ನಾನು ಸ್ವಲ್ಪ ದೊಡ್ಡವನಾದ ಮೇಲೆ ಯಾರೋ ಸ್ವಾಮಿಗಳ ಕಾಲಿಗೆ ಬಿದ್ದು, ಗಡಿಯಾಚೆ ಇಂಗ್ಲಿಷರ ಆಳಿಕೆಯಲ್ಲಿದ್ದ ಧಾರವಾಡದಲ್ಲಿ ಉಚಿತ ಊಟವಸತಿ ಕೊಡಿಸಿದ. ಆ ಗಡಿಯನ್ನು ರೈಲಿನ ಕಿಟಕಿಯಿಂದ ಎಷ್ಟೋ ಸಲ ನೋಡಿದ್ದೆ. ಈಚೆಗೂ ಜಾಲಿಗಿಡ, ಆಚೆಗೂ ಜಾಲಿಗಿಡ. ಆ ಜಾಲಿಗಿಡಗಳ ನಡುವೆ ನನ್ನ ಹಣೆಬರಹ ಸಿಕ್ಕಿಕೊಂಡಿದೆ ಎಂದು ಆಗ ಯಾರೂ ಹೇಳಲಿಲ್ಲ.

ನೌಕರಿಗೆ ರಾಯಚೂರಿಗೇ ಹೋಗಬೇಕು ಎಂದು ಎಲ್ಲರೂ ಹೇಳಿದರು. ಹೇಳಿದವರಲ್ಲಿ ಒಬ್ಬರಿಗೂ ರಾಯಚೂರಿನಲ್ಲಿ ನೌಕರಿ ಇರಲಿಲ್ಲ. ಹೋದೆ. ಊರು ನನಗೆ ಪೂರ್ತಿ ಹೊಸದು. ಅಲ್ಲಿಯ ಸ್ಟೇಷನ್ನಿನಲ್ಲಿ ರೈಲು ಹತ್ತಿದ್ದೆನೇ ಹೊರತು ಒಂದು ದಿನವೂ ನಿಂತಿರಲಿಲ್ಲ. ಸುತ್ತ ಬೋಳು ಗುಡ್ಡ, ನಡುವೆ ಕೋಟೆಯ ಕಲ್ಲು, ಹಗಲೆಲ್ಲ ಕಾದ ಆ ಕಲ್ಲಿನ ಬಿಸಿ, ಗಾಳಿಯಲ್ಲಿ ಹಾರಾಡುವ ಅರಳೆಯ ಎಳೆ. ಪೇಟೆಯ ತೀನ್ ಕಂದೀಲ್ ಎಂಬ ಚೌಕದ ಹತ್ತಿರ ಒಬ್ಬ ಶೇಂಗಾ ವ್ಯಾಪಾರಿ ತನ್ನ ಅಂಗಡಿಯ ಹಿಂದಿನ ಕೋಣೆಯನ್ನು ನನಗೆ ಕೊಟ್ಟ. ಧರ್ಮಕ್ಕೇನೂ ಅಲ್ಲ. ಅವನಿಗೆ ಮದ್ರಾಸು, ಮುಂಬಯಿಯಿಂದ ಬರುತ್ತಿದ್ದ ತಂತಿಗಳನ್ನು ಓದಿ ಹೇಳುವುದು, ಜವಾಬು ಬರೆಯುವುದು ನನ್ನ ಬಾಡಿಗೆ. ಧಾರವಾಡದಲ್ಲಿ ದೊಡ್ಡ ದೊಡ್ಡ ಇಂಗ್ಲಿಷ್ ಕವಿಗಳನ್ನು ಅರೆದು ಕುಡಿದಿದ್ದ ನಾನು ಇಲ್ಲಿ 'ಕಳಿಸು', 'ಕಳಿಸಬೇಡ' ಎಂಬ ಎರಡು ಮಾತನ್ನು ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆ.

ಮೊದಲ ತಿಂಗಳು ಊರೆಲ್ಲ ಸುತ್ತಿದೆ. ಒಂದು ಶಾಲೆಯಲ್ಲಿ ನನ್ನ ಉರ್ದು ಮಾನ್ವಿಯ ಮಟ್ಟದ್ದು ಎಂದು ನಕ್ಕರು. ಇನ್ನೊಂದು ಕಡೆ ನನ್ನ ಇಂಗ್ಲಿಷ್ ಜಾಸ್ತಿಯಾಯಿತು ಎಂದರು. ಹತ್ತಿಯ ಜಿನ್ನಿನ ಮಾಲಕರೊಬ್ಬರು ಬಹಳ ಗೌರವದಿಂದ ಕೂರಿಸಿ, ಚಹಾ ಕುಡಿಸಿ, "ಬಿ.ಎ. ಆದವರನ್ನ ನಾವ್ ಹೆಂಗ ದುಡಿಸ್ಕೋಬೇಕ್ರೀ? ಪಾಪ ಹತ್ತತದ" ಎಂದರು. ಅವರು ಪಾಪಕ್ಕೆ ಹೆದರುವವರಾಗಿದ್ದರೆ ಅವರ ತಕ್ಕಡಿ ಹಾಗಿರುತ್ತಿರಲಿಲ್ಲ. ಎಲ್ಲ ಕಡೆಯೂ ಕೊನೆಯ ಪ್ರಶ್ನೆ ಒಂದೇ, ಸಿಫಾರಸು ಯಾರದು? ನನ್ನ ಪರವಾಗಿ ಮಾತಾಡಬಲ್ಲ ದೊಡ್ಡ ಮನುಷ್ಯನೆಂದರೆ ಆ ಶೇಂಗಾ ವ್ಯಾಪಾರಿ. ಅವನು ಯಾರಿಗೂ ಏನನ್ನೂ ಪುಕ್ಕಟೆ ಹೇಳುವವನಲ್ಲ.

ಕೊನೆಗೆ ಒಂದು ಸರಕಾರಿ ಕಚೇರಿಯಲ್ಲಿ ಉಮೇದವಾರನಾಗಿ ಕೂತೆ. ಯಾವ ಕಚೇರಿ ಎಂದು ಹೇಳುವುದಿಲ್ಲ. ಹೇಳಿಯೂ ಪ್ರಯೋಜನವಿಲ್ಲ, ಎಲ್ಲವೂ ಒಂದೇ ಥರ ಇದ್ದವು. ಉಮೇದವಾರಿ ಎಂದರೇನು ಎಂದು ಈಗಿನವರಿಗೆ ತಿಳಿಸಿ ಹೇಳಬೇಕು. ಆಗ ಸರಕಾರಿ ನೌಕರಿ ಬೇಕಾದವನು ಮೊದಲು ಆ ಕಚೇರಿಗೆ ಬಂದು ಸಂಬಳವಿಲ್ಲದೆ ದುಡಿಯಬೇಕು. ತಿಂಗಳಿರಬಹುದು, ವರ್ಷವಿರಬಹುದು. ಎಂದಾದರೂ ಒಂದು ಜಾಗ ಖಾಲಿಯಾದರೆ, ಅಷ್ಟು ದಿನ ಕಣ್ಣೆದುರು ಕೂತವನ ಮೇಲೆ ಸಾಹೇಬರ ದಯೆ ಹರಿಯಬಹುದು. ಹರಿಯದೆಯೂ ಇರಬಹುದು. ನಮ್ಮ ಕಚೇರಿಯಲ್ಲಿ ಇಂಥ ನಾಲ್ವರಿದ್ದೆವು. ಗೋಡೆಗೆ ಆತು ಜಮಖಾನದ ಅಂಚಿನಲ್ಲಿ ಕೂತು ದಾಖಲೆಗಳಿಗೆ ಗೆರೆ ಹಾಕುವುದು, ನಕಲು ಬರೆಯುವುದು, ಕಾಗದದ ಗಂಟುಗಳನ್ನು ಕೆಂಪು ಬಟ್ಟೆಯಲ್ಲಿ ಕಟ್ಟುವುದು ನಮ್ಮ ಕೆಲಸ. ಸಂಬಳ ಪಡೆಯುವ ಗುಮಾಸ್ತರು ಅಷ್ಟರಲ್ಲಿ ಎಲೆಅಡಿಕೆ ಹಾಕುತ್ತಿದ್ದರು. ನಮ್ಮಲ್ಲಿ ಹಿರಿಯ ಉಮೇದವಾರನಿಗೆ ಮೀಸೆ ನೆರೆತಿತ್ತು. ಆತ ಹೊಸಬರಾದ ನಮ್ಮನ್ನು ಕನಿಕರದಿಂದ ನೋಡುತ್ತ, ತಾಳಿದವನು ಬಾಳಿಯಾನು ಎಂದು ಹೇಳುತ್ತಿದ್ದ. ಅವನಷ್ಟು ತಾಳಿದವನನ್ನು ನಾನು ಕಂಡಿಲ್ಲ. ಬಾಳಿದ್ದನ್ನು ಮಾತ್ರ ಕಾಣಲಿಲ್ಲ.

ಕಚೇರಿಯ ನಿಜವಾದ ದೊರೆ ಪೇಶ್ಕಾರರು, ಎಂದರೆ ಸಾಹೇಬರ ಮುಂದೆ ಕಾಗದ ಇಡುವ ಹಿರಿಯ ಗುಮಾಸ್ತರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ನಮ್ಮವರು ಇಂಥವರನ್ನು ಕಂಡೇ ಗಾದೆ ಕಟ್ಟಿರಬೇಕು. ಕಚೇರಿಯೊಳಗೆ ಉರ್ದು, ಹೊರಗೆ ಕನ್ನಡ, ಸಿಟ್ಟು ಬಂದಾಗ ತೆಲುಗು ಮಾತಾಡುತ್ತಿದ್ದರು. ನನ್ನನ್ನು ಹೆಸರು ಹಿಡಿದು ಕರೆಯಲೇ ಇಲ್ಲ. "ಏನಪಾ ಬಿ.ಎ., ಆ ದೌತಿಗೆ ಮಸಿ ಹಾಕು" ಎನ್ನುತ್ತಿದ್ದರು. ಹಾಕುತ್ತಿದ್ದೆ.

ಉಮೇದವಾರನೂ ಕಚೇರಿಗೆ ಶೇರವಾನಿ ತೊಟ್ಟೇ ಬರಬೇಕಿತ್ತು. ಯುದ್ಧದಿಂದಾಗಿ ಬಟ್ಟೆಗೂ ಬರ. ಬಜಾರಿನಲ್ಲಿ ಯಾರೋ ತೊಟ್ಟು ಬಿಟ್ಟ ಒಂದು ಕರಿ ಶೇರವಾನಿಯನ್ನು ಹಿಡಿದು ತಂದೆ. ಅದರ ಮೊದಲಿನ ಯಜಮಾನ ನನಗಿಂತ ದುಪ್ಪಟ್ಟು ದಪ್ಪ, ಒಂದು ಗೇಣು ಗಿಡ್ಡ. ಅದನ್ನು ತೊಟ್ಟು, ಕುತ್ತಿಗೆಯವರೆಗೆ ಗುಂಡಿ ಹಾಕಿಕೊಂಡು ರಾಯಚೂರಿನ ಬಿಸಿಲಲ್ಲಿ ನಡೆಯುವಾಗ ನಾನು ದೊಡ್ಡ ಮನುಷ್ಯನಾಗುತ್ತಿದ್ದೇನೆ ಎಂದೇ ನಂಬಿದ್ದೆ. ಬೆವರುವುದು ಮತ್ತು ಬೆಳೆಯುವುದು ಒಂದೇ ಅಲ್ಲ ಎನ್ನುವಷ್ಟು ತಿಳುವಳಿಕೆಯೂ ಆ ಬಿ.ಎ.ಗೆ ಇರಲಿಲ್ಲ.

ಇದೇ ದಿನಗಳಲ್ಲಿ ಊರಿಗೆ ಒಂದು ಕಾಗದ ಬರೆದೆ. ನನಗೆ ಸರಕಾರಿ ನೌಕರಿ ಆಗಿದೆ, ದಿನಾ ಕಚೇರಿಗೆ ಹೋಗುತ್ತಿದ್ದೇನೆ ಎಂದು. ಎರಡನೆಯ ಮಾತು ನಿಜವಿತ್ತು. ಊರಿನ ಕುಲಕರ್ಣಿ ಅದನ್ನು ಚಾವಡಿಯಲ್ಲಿ ಓದಿ ಹೇಳಿದನಂತೆ. ಅಪ್ಪ ಊರಿಗೆಲ್ಲ ಬೆಲ್ಲ ಹಂಚಿದನಂತೆ. ಸಂಬಳ ಎಷ್ಟು, ಮನೆಗೆ ಏನು ಕಳಿಸುತ್ತೀ ಎಂದು ಅಪ್ಪ ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೆ ನನ್ನ ಸುಳ್ಳು ಬೇಗ ಸಾಯುತ್ತಿತ್ತು. ಅವನು ಕೇಳದೆ ಹೋದದ್ದರಿಂದ ಅದು ಉಂಡು ತಿಂದು ಬೆಳೆಯಿತು.

ಒಂದು ಮಧ್ಯಾಹ್ನ, ನಾನು ಕಚೇರಿಯ ಪಡಸಾಲೆಯಲ್ಲಿ ಕಾಗದದ ಗಂಟು ಕಟ್ಟುತ್ತಿದ್ದಾಗ ಬಾಗಿಲ ಹತ್ತಿರ ಗುರುತಿನ ಕೆಮ್ಮು ಕೇಳಿಸಿತು. ಅಪ್ಪ. ತಲೆಗೆ ಪಟಗ, ಹೆಗಲ ಮೇಲೆ ಕಂಬಳಿ, ಮೊಣಕಾಲವರೆಗೆ ಧೂಳು, ಕೈಯಲ್ಲಿ ಬುತ್ತಿಯ ಗಂಟು. ಗಬ್ಬೂರಿನವರೆಗೆ ನಡೆದು, ಅಲ್ಲಿಂದ ಇದ್ದಿಲಿನ ಹೊಗೆಯಲ್ಲಿ ಓಡುವ ಆ ಕಾಲದ ಬಸ್ಸು ಹತ್ತಿ ಬಂದಿದ್ದ. ಮಗ ನೌಕರಿ ಮಾಡುವುದನ್ನು ಒಮ್ಮೆ ಕಣ್ಣಿಂದ ನೋಡಬೇಕು ಎನ್ನುವುದು ಬಿಟ್ಟರೆ ಅವನಿಗೆ ಬೇರೆ ಕೆಲಸವಿರಲಿಲ್ಲ. ನನ್ನ ಶೇರವಾನಿ ನೋಡಿ ಅವನ ಮುಖ ಹಿಗ್ಗಿತು. ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಪೇಶ್ಕಾರರು ಎಲೆಅಡಿಕೆ ಉಗಿಯಲು ಹೊರಗೆ ಬಂದರು.

"ಯಾರಪಾ ಇಂವ?" ಎಂದರು.

ಯೋಚಿಸಲು ನನಗೆ ಸಮಯ ಬೇಕಾಗಲಿಲ್ಲ. ಅದೇ ಇವತ್ತಿಗೂ ನನಗೆ ಹೇಸಿಗೆ ತರುವುದು. ಒಂದು ಗಳಿಗೆ ತಡವರಿಸಿದ್ದರೆ ನನ್ನ ಬಗ್ಗೆ ನನಗೆ ಒಂದಿಷ್ಟು ಮರ್ಯಾದೆ ಉಳಿಯುತ್ತಿತ್ತು. ಅಪ್ಪ ಎಂದರೆ ಪೇಶ್ಕಾರರು ಅವನನ್ನು ಮಾತಾಡಿಸುತ್ತಾರೆ, ಮಾತಾಡಿಸಿದರೆ ಸಂಬಳವಿಲ್ಲದ ಉಮೇದವಾರಿ ಬಯಲಾಗುತ್ತದೆ ಎಂದು ಆಮೇಲೆ ನನಗೆ ನಾನೇ ಸಮಜಾಯಿಷಿ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಆ ಧೂಳು ಕಾಲನ್ನು ನೋಡಿ ನನಗೆ ನಾಚಿಕೆಯಾಗಿತ್ತು.

"ನಮ್ಮ ಆಳು ರೀ, ಸಾಹೇಬ್ರ. ಊರಿಂದ ಬುತ್ತಿ ತಂದಾನ," ಎಂದೆ.

ಅಪ್ಪ ನನ್ನನ್ನು ನೋಡಿದ. ಪೇಶ್ಕಾರರನ್ನು ನೋಡಿದ. ಆಮೇಲೆ ಬುತ್ತಿಯನ್ನು ಕಂಕುಳಿಗೆ ಸೇರಿಸಿ ಎರಡೂ ಕೈ ಮುಗಿದು ಬಾಗಿದ. "ಹೌದ್ರೀ ಸಾಹೇಬ್ರ. ನಾ ಇವರ ಮನ್ಯಾಗ ದುಡೀತೀನ್ರೀ," ಎಂದ.

"ಆಳು ಭಾಳ ಅದಬ್-ಮರ್ಯಾದಿ ಇದ್ದಾಂವ ಅದಾನ," ಎಂದು ಪೇಶ್ಕಾರರು ಮೆಚ್ಚಿ, ಉಗಿದು, ಒಳಗೆ ಹೋದರು. ಅಪ್ಪ ಬುತ್ತಿಯನ್ನು ನನ್ನ ಕೈಗಿಟ್ಟು, ದನಿ ತಗ್ಗಿಸಿ, "ನಾ ಹೋಗ್ತೀನಪಾ. ನಿನ್ನ ಕೆಲಸ ಕೆಡಬಾರದು," ಎಂದವನೇ ಬಂದ ದಾರಿ ಹಿಡಿದ. ನೀರು ಕುಡಿಯುತ್ತೀಯಾ ಎಂದೂ ನಾನು ಕೇಳಲಿಲ್ಲ. ಗಂಟಿನಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಪುಡಿ, ಬಾಡಿಸಿದ ಬಾಳೆಎಲೆಯಲ್ಲಿ ಕಟ್ಟಿದ ಬೆಣ್ಣೆ ಇತ್ತು. ಸಂಜೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ತಿಂದೆ. ಕಥೆಗಳಲ್ಲಿ ಇಂಥ ರೊಟ್ಟಿ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ನನಗೆ ಹಾಗೇನೂ ಆಗಲಿಲ್ಲ, ಸರಾಗವಾಗಿ ಇಳಿಯಿತು.

ಅದಾಗಿ ಸ್ವಲ್ಪ ದಿನಕ್ಕೆ ಒಬ್ಬ ಗುಮಾಸ್ತರಿಗೆ ವರ್ಗವಾಗಿ ಜಾಗ ಖಾಲಿಯಾಯಿತು. ನೆರೆತ ಮೀಸೆಯವನಿಗೆ ವಯಸ್ಸು ಮೀರಿತ್ತು. ಉಳಿದಿಬ್ಬರ ಕೈಬರಹ ಕೋಳಿ ಕೆದರಿದ ಹಾಗೆ. ಸಾಹೇಬರೇ ಒಮ್ಮೆ ನನ್ನ ನಕಲು ನೋಡಿ, ಇದನ್ನು ಬರೆದವರು ಯಾರು ಎಂದು ಕೇಳಿದ್ದರು. "ನಿನ್ನ ನಸೀಬು ತೆರೀತಪಾ, ಬಿ.ಎ.," ಎಂದರು ಪೇಶ್ಕಾರರು. "ಒಂದ ಕಾಗದ ಬೇಕು. ಮುಲ್ಕಿ ಸರ್ಟಿಫಿಕೇಟ್."

ಮುಲ್ಕಿ ಎಂದರೆ ಈ ರಾಜ್ಯದ ಮಣ್ಣಿನವನು. ಸರಕಾರಿ ನೌಕರಿ ಅಂಥವನಿಗೇ ಸಿಗಬೇಕು ಎಂದು ಕಾನೂನು. ಕಾನೂನು ಸರಿಯಾಗಿಯೇ ಇತ್ತು, ನನ್ನಂಥವರಿಗಾಗಿಯೇ ಮಾಡಿದ್ದು. ನಮ್ಮ ಮುತ್ತಜ್ಜನ ಮುತ್ತಜ್ಜ ಸತ್ತದ್ದೂ ಗಬ್ಬೂರಿನ ಸೀಮೆಯಲ್ಲೇ. ಆದರೆ ನನ್ನ ಪದವಿಯ ಕಾಗದದ ಮೇಲೆ ಗಡಿಯಾಚೆಯ ಮುದ್ರೆ ಇತ್ತಲ್ಲ, ಹಾಗಾಗಿ ತನಿಖೆ ಆಗಬೇಕು ಎಂದರು. ನಾನು ಹೆದರಲಿಲ್ಲ. ನನ್ನನ್ನು ನಮ್ಮೂರಿನವನು ಎಂದು ಹೇಳಲು ನಮ್ಮೂರಿನವರಿಗೆ ಕಷ್ಟವೇನು?

ತನಿಖೆಯ ಕಾಗದ ಮೊದಲು ಮಾನ್ವಿಗೆ ಹೋಯಿತು, ನನ್ನ ಶಾಲೆಯ ದಾಖಲೆ ಅಲ್ಲಿದ್ದದ್ದರಿಂದ. ಅಲ್ಲಿಯವರು ಸೋದರಮಾವನನ್ನು ಕರೆಸಿ ಕೇಳಿದರು. ಸೋದರಮಾವ ನೀರಮಾನ್ವಿಯ ಎಲ್ಲಮ್ಮನ ಮೇಲೆ ಆಣೆ ಇಟ್ಟು ಮಾತಾಡುವ ಪ್ರಾಮಾಣಿಕ. "ಅಂವ ನಮ್ಮೂರಾಂವ ಅಲ್ರೀ. ದೇವದುರ್ಗದ ಕಡ್ಯಾಂವ," ಎಂದ. ಅದು ಸತ್ಯವೇ. ಸತ್ಯ ಹೇಳುವ ನಂಟರಿಂದ ಆಗುವ ಉಪಕಾರ ಯಾವಾಗಲೂ ಇಷ್ಟೇ. ಕಾಗದ ಹೊರಳಿ ದೇವದುರ್ಗದ ದಾರಿ ಹಿಡಿಯಿತು. ಅಷ್ಟರಲ್ಲಿ ಅದೇ ಜಾಗಕ್ಕೆ ಹೊರಗಿನ ಯಾವುದೋ ಸೀಮೆಯಿಂದ ಬಂದ ಒಬ್ಬ ಅಧಿಕಾರಿಯ ಅಳಿಯನೂ ಅರ್ಜಿ ಹಾಕಿದ. ಅವನು ಈ ರಾಜ್ಯಕ್ಕೆ ಕಾಲಿಟ್ಟು ಆರು ವಾರವಾಗಿತ್ತು. ಅವನ ಮುಲ್ಕಿ ಸರ್ಟಿಫಿಕೇಟ್ ಎರಡು ದಿನದಲ್ಲಿ ಬಂತು. ಸಿಫಾರಸು ಇದ್ದವನಿಗೆ ಮುತ್ತಜ್ಜಂದಿರು ಬೇಕಾಗುವುದಿಲ್ಲ.

ನನ್ನ ನಕಲು ಮೆಚ್ಚಿದ್ದ ಸಾಹೇಬರು ಅಷ್ಟು ದಿನ ಜಾಗ ತಡೆದಿಟ್ಟಿದ್ದರು. ನನ್ನ ತನಿಖೆಯ ವರದಿ ಎರಡು ತಿಂಗಳಿಗೆ ಬಂತು. ಪೇಶ್ಕಾರರು ನನ್ನನ್ನು ಹತ್ತಿರ ಕರೆದು ಕಾಗದ ಬಿಚ್ಚಿದರು.

"ಏನಪಾ ಬಿ.ಎ., ನೀ ಹುಟ್ಟೇ ಇಲ್ಲಂತಲ್ಲ."

ಅವರು ಹಾಸ್ಯ ಮಾಡುತ್ತಿದ್ದಾರೆ ಎಂದುಕೊಂಡೆ. ಕಾಗದವನ್ನು ನನ್ನ ಕಡೆ ತಿರುಗಿಸಿದರು. ಗಿರ್ದಾವರ, ಅಂದರೆ ಹಳ್ಳಿ ಹಳ್ಳಿ ತಿರುಗಿ ಸರಕಾರಕ್ಕೆ ವರದಿ ಕೊಡುವವನು, ನಮ್ಮೂರಿಗೆ ಖುದ್ದಾಗಿ ಹೋಗಿ ಒಬ್ಬೊಬ್ಬರ ಹೇಳಿಕೆ ಬರೆದುಕೊಂಡಿದ್ದ. ಊರ ಗೌಡ: ಈ ಹೆಸರಿನವನು ನಮ್ಮೂರಿನಲ್ಲಿಲ್ಲ. ಕುಲಕರ್ಣಿ: ಕೇಳಿಲ್ಲ. ತಳವಾರ: ನೋಡಿಲ್ಲ. ನನ್ನ ಕಾಗದವನ್ನು ಚಾವಡಿಯಲ್ಲಿ ಓದಿ ಹೇಳಿದ ಕುಲಕರ್ಣಿ! ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಜಾತ್ರೆಗೆ ಒಯ್ದ ತಳವಾರ! ಕೊನೆಗೆ ಅಪ್ಪನ ಹೆಸರು, ಅದರ ಕೆಳಗೆ ಅವನ ಹೇಳಿಕೆ. "ನನಗೆ ಗಂಡು ಮಕ್ಕಳಿಲ್ಲ. ಎರಡು ಎತ್ತು, ಒಂದು ಆಕಳು ಇವೆ." ಅದರ ಕೆಳಗೆ ಹೆಬ್ಬೆಟ್ಟು. ಹೆಬ್ಬೆಟ್ಟಿನ ನಡುವೆ ಅಡ್ಡಲಾಗಿ ಒಂದು ಬಿಳಿ ಗೆರೆ. ನಾನು ಚಿಕ್ಕವನಿದ್ದಾಗ ಸುಗ್ಗಿಯಲ್ಲಿ ಕುಡುಗೋಲು ತಾಗಿ ಆದ ಗಾಯ ಅದು. ಆ ಬೆರಳನ್ನು ಹಿಡಿದೇ ನಾನು ನಡೆಯಲು ಕಲಿತದ್ದು. ಬೇರೆ ಯಾರೋ ಒತ್ತಿರಬಹುದು ಎಂದುಕೊಳ್ಳಲೂ ದಾರಿ ಇರಲಿಲ್ಲ.

"ನಾ ನಂಬ್ತೀನಪಾ ನೀ ಇಲ್ಲ್ಯಾಂವ ಅಂತ," ಎಂದರು ಪೇಶ್ಕಾರರು. ಆ ಮನುಷ್ಯನಿಗೆ ನನ್ನ ಮೇಲೆ ನಿಜವಾಗಿಯೂ ಕನಿಕರ ಹುಟ್ಟಿತ್ತು. ಒಳ್ಳೆಯ ನಕಲುಗಾರ ಕೈತಪ್ಪುತ್ತಾನಲ್ಲ. "ಕಾಗದ ನಂಬಬೇಕಲ್ಲ? ಒಂದ ದಾರಿ ಅದ. ಅವತ್ತು ಬುತ್ತಿ ತಂದಿದ್ದನಲ್ಲ ನಿಮ್ಮ ಆಳು, ಅವನ್ನ ಕರಕೊಂಡು ಬಾ. ಇಂವ ಇಂಥವರ ಮಗ, ನಾ ಇವರ ಮನ್ಯಾಗ ದುಡೀತೀನಿ ಅಂತ ಸಾಕ್ಷಿ ಗವಾಹಿ ಕೊಡಲಿ. ನಿಮ್ಮಪ್ಪ ಸುಳ್ಳ ಬಯಾನ್ ಕೊಟ್ಟಾನ ಅಂತ ಅವನ ಮ್ಯಾಲ ಮುಕದ್ದಮಾ ಆಗ್ತದ, ನಿನಗ ಸರ್ಟಿಫಿಕೇಟ್ ಆಗ್ತದ. ಸೋಮವಾರದ ಒಳಗ ಬಾ. ತಪ್ಪಿದರ ಜಾಗ ಆ ಅಳಿಯಗ."

ಮೀಸೆ ನೆರೆತ ಉಮೇದವಾರ ಗೋಡೆಯ ಹತ್ತಿರದಿಂದ ನನ್ನನ್ನೇ ನೋಡುತ್ತಿದ್ದ. ಪೇಶ್ಕಾರರು ಕರೆತರಲು ಹೇಳಿದ ಆ ಆಳು ಯಾರು ಎನ್ನುವುದು ರಾಯಚೂರಿನಲ್ಲಿ ನನ್ನೊಬ್ಬನಿಗೆ ಗೊತ್ತಿತ್ತು. ಅತ್ತ ದರಿ, ಇತ್ತ ಪುಲಿ ಎಂದು ಶಾಲೆಯಲ್ಲಿ ಓದಿದ್ದೆ. ದರಿ ತೋಡಿದವನೂ ನಾನೇ, ಪುಲಿ ಸಾಕಿದವನೂ ನಾನೇ. ಆದರೆ ಆ ಹೊತ್ತಿಗೆ ಅಷ್ಟು ಬುದ್ಧಿ ಎಲ್ಲಿತ್ತು? ಸಿಟ್ಟೆಲ್ಲ ಅಪ್ಪನ ಮೇಲೆ, ಊರಿನ ಮೇಲೆ.

ಮರುದಿನ ಬಸ್ಸು ಹತ್ತಿದೆ. ಬಸ್ಸು ಏರಿನಲ್ಲಿ ನಿಂತಾಗಲೆಲ್ಲ ಇಳಿದು ನೂಕುತ್ತ, ಶೇರವಾನಿಗೆ ಇದ್ದಿಲು ಬಳಿದುಕೊಳ್ಳುತ್ತ, ನಮ್ಮೂರಿನವರನ್ನು ಒಬ್ಬೊಬ್ಬರನ್ನಾಗಿ ಬೈದೆ. ಗೌಡನಿಗೆ ಹೊಟ್ಟೆಕಿಚ್ಚು ಎಂದುಕೊಂಡೆ. ಕುಲಕರ್ಣಿಗೆ ತನ್ನ ಮಗ ಓದಲಿಲ್ಲವೆಂಬ ಸಂಕಟ. ಅಪ್ಪನದು ಮಾತ್ರ ಹೊಂದಿಕೆಯಾಗಲಿಲ್ಲ. ಆಳು ಎಂದದ್ದಕ್ಕೆ ಸೇಡು ತೀರಿಸಿಕೊಂಡನೇ? ಆ ಯೋಚನೆ ಬಂದಾಗ ಒಂದು ಥರದ ಸಮಾಧಾನವೂ ಆಯಿತು. ಲೆಕ್ಕ ಸಮವಾಯಿತು, ಇನ್ನು ನಾನು ಧೈರ್ಯದಿಂದ ಜಗಳ ಆಡಬಹುದು. ಅವನನ್ನು ರಾಯಚೂರಿಗೆ ಎಳೆದುಕೊಂಡು ಹೋಗುವುದು, ಪೇಶ್ಕಾರರ ಮುಂದೆ ನಿಲ್ಲಿಸುವುದು, ಮುಕದ್ದಮೆಯಾದರೆ ಆಗಲಿ. ಗಬ್ಬೂರಿನಲ್ಲಿ ಇಳಿದು ಎರೆಹೊಲದ ದಾರಿ ಹಿಡಿದಾಗ ನನ್ನ ಮಾತುಗಳೆಲ್ಲ ಸಿದ್ಧವಾಗಿದ್ದವು.

ಅಪ್ಪ ಹಿತ್ತಲಲ್ಲಿದ್ದ. ಆ ವರ್ಷ ಸರಕಾರ ರೈತರ ಕಾಳನ್ನು ಲೇವಿ ಎಂದು ಒಯ್ಯುತ್ತಿತ್ತು. ಅದಕ್ಕೇ ಊರಿನವರೆಲ್ಲ ಉಣ್ಣುವ ಜೋಳವನ್ನು ನೆಲದೊಳಗಿನ ಹಗೇವುಗಳಿಗೆ ತುಂಬಿ, ಬಾಯಿ ಮುಚ್ಚಿ, ಮೇಲೆ ಮಣ್ಣು ಮೆತ್ತಿ, ದನ ಕಟ್ಟಿಬಿಡುತ್ತಿದ್ದರು. ಅಪ್ಪ ಮೊಣಕಾಲೂರಿ ಹಗೇವಿನ ಬಾಯಿಗೆ ಮಣ್ಣು ಮೆತ್ತುತ್ತಿದ್ದ. ನನ್ನನ್ನು ನೋಡಿದವನೇ ಎದ್ದು ನಿಂತ.

"ಯಪ್ಪಾ, ಇಲ್ಲಿಗೆ ಗಿರ್ದಾವರ ಬಂದಿದ್ದನೇನು?" ಎಂದೆ. ದನಿ ಒರಟಾಗಿಯೇ ಇತ್ತು.

"ಬಂದಿದ್ದ, ಬಂದಿದ್ದ! ನಿನಗ ಹೆಂಗ ಗೊತ್ತಾತು?" ಅಪ್ಪನ ಮುಖ ಅರಳಿತು. ಸುತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ನನ್ನ ಹತ್ತಿರ ಸರಿದ. "ನಿನ್ನ ಹೆಸರೇನು, ವಯಸ್ಸೆಷ್ಟು, ಎಲ್ಲಿ ಕಲ್ತಾನ, ಈಗ ಎಲ್ಲಿ ಅದಾನ, ಎಲ್ಲಾ ಕೇಳಿದನಪಾ. ನನಗ ಆವಾಗ್ಲೇ ತಿಳೀತು. ನೌಕರಿ ಆದ ಹುಡುಗನ ಸುದ್ದಿ ಸರಕಾರ ಮತ್ತ್ಯಾಕ ಕೇಳ್ತದ? ಇಂಗ್ಲಿಷ್ ಬಲ್ಲ ಹುಡುಗರನ್ನ ಹಿಡದು ಲಡಾಯಿಗೆ ಕಳಸಾಕತ್ತಾರ ಅಂತ ದೇವದುರ್ಗದ ಸಂತ್ಯಾಗ ಮಂದಿ ಮಾತಾಡ್ತಿದ್ರು. ನಾ ಓಡಿ ಹೋಗಿ ಗೌಡಗ ಹೇಳಿದೆ. ಗೌಡ ಕುಲಕರ್ಣಿಗೆ ಹೇಳಿದ. ಹಗೇವಿನಾಗ ಜೋಳ ಮುಚ್ಚಿಟ್ಟಂಗ ಇಡೀ ಊರು ಕೂಡಿ ನಿನ್ನ ಮುಚ್ಚಿತು ನೋಡು!"

ನೌಕರಿ ಆದ ಹುಡುಗ. ನಾನೇ ಬರೆದ ಕಾಗದ. ಗೌಡನ ಹೊಟ್ಟೆಕಿಚ್ಚು, ಕುಲಕರ್ಣಿಯ ಸಂಕಟ ಎಲ್ಲವನ್ನೂ ನನ್ನೊಳಗಿನಿಂದಲೇ ತೆಗೆದು ಅವರಿಗೆ ತೊಡಿಸಿದ್ದೆ. ಸರಕಾರದ ಎದುರು ಸುಳ್ಳು ಹೇಳಿ ಸಿಕ್ಕಿಬಿದ್ದರೆ ಗೌಡನ ಗೌಡಿಕೆ ಹೋಗುತ್ತಿತ್ತು. ನನಗಾಗಿ ಅವನು ಅದನ್ನು ಒತ್ತೆ ಇಟ್ಟಿದ್ದ.

"ನೀನೂ ಹೆಬ್ಬೆಟ್ಟು ಒತ್ತಿದೆಲ್ಲ, ಯಪ್ಪಾ?" ಎಂದು ಕೇಳಿದೆ. "ಮಗ ಇಲ್ಲ ಅಂತ?"

"ಒತ್ತಿದೆ." ಅಪ್ಪ ಮಣ್ಣು ಮೆತ್ತಿದ ಆ ಹೆಬ್ಬೆಟ್ಟನ್ನೇ ಒಮ್ಮೆ ನೋಡಿಕೊಂಡ. "ನಿಮ್ಮವ್ವ ಒಳಗ ಕುಂತು ಅಳಾಕತ್ತಿದ್ದಳು. ಇದ್ದ ಮಗನ್ನ ಇಲ್ಲ ಅನಬಾರದು, ಕೆಟ್ಟ ಆಗ್ತದ ಅಂತ. ನನಗೂ ಮೊದಲು ನಾಲಗಿ ಏಳಲಿಲ್ಲಪಾ, ಸುಳ್ಳ್ಯಾಕ ಹೇಳ್ಲಿ. ಆಮ್ಯಾಲ ನಿಮ್ಮ ಕಚೇರಿ ನೆನಪಾತು. ಅವತ್ತು ನೀನ ಕಲಿಸಿ ಕೊಟ್ಟಿದ್ದಿ ಅಲಾ, ಸರಕಾರದವರ ಮುಂದ ಸಂಬಂಧ ಹೇಳಬಾರದು ಅಂತ. ಕಲ್ತಾಂವ ನೀನು, ಎಷ್ಟು ಸಲೀಸ ಹೇಳಿದಿ! ಹಂಗ ನಾನೂ ಸಲೀಸ ಹೇಳಿಬಿಟ್ಟೆ. ಬರೋಬ್ಬರಿ ಆತಿಲ್ಲೋ?"

ಶಾಲೆಯ ಮೆಟ್ಟಿಲು ಹತ್ತದ ಮನುಷ್ಯ, ಪರೀಕ್ಷೆ ಪಾಸಾದೆನೋ ಇಲ್ಲವೋ ಎಂದು ನನ್ನ ಮುಖವನ್ನೇ ನೋಡುತ್ತ ನಿಂತಿದ್ದ. ಅವನ ಕಣ್ಣಲ್ಲಿ ಸೇಡು ಹುಡುಕಿದೆ. ದುಃಖವಾದರೂ ಇದ್ದೀತೇ ಎಂದು ಹುಡುಕಿದೆ. ಎರಡೂ ಇರಲಿಲ್ಲ. ಅವತ್ತು ಪಡಸಾಲೆಯಲ್ಲಿ ತನ್ನ ಮಗ ತನಗೆ ಏನು ಮಾಡಿದ ಎನ್ನುವುದು ಅವನಿಗೆ ತಿಳಿದೇ ಇರಲಿಲ್ಲ. ದೊಡ್ಡ ಕಚೇರಿಗಳಲ್ಲಿ ಬದುಕುವ ಉಪಾಯ ಅದು ಎಂದುಕೊಂಡು, ಜತನದಿಂದ ನೆನಪಿಟ್ಟುಕೊಂಡು, ಬೇಕಾದ ಹೊತ್ತಿಗೆ ನನ್ನ ಸಲುವಾಗಿಯೇ ಅದನ್ನು ಹೊರತೆಗೆದಿದ್ದ.

ಶುಕ್ರವಾರ ಮಧ್ಯಾಹ್ನವದು, ನಿಜಾಮರ ಕಚೇರಿಗಳಿಗೆ ರಜೆಯ ದಿನ. ಸೋಮವಾರಕ್ಕೆ ಇನ್ನೂ ಎರಡೂವರೆ ದಿನವಿತ್ತು. ಗಬ್ಬೂರಿನಿಂದ ಬೆಳಗಿನ ಬಸ್ಸೂ ಇತ್ತು. ಬಾ ಎಂದರೆ ಅಪ್ಪ ಆಗಲೇ ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಡುತ್ತಿದ್ದ. ಪೇಶ್ಕಾರರ ಮುಂದೆ ನಿಂತು ಆಳು ಎಂದರೆ ಆಳು, ಅಪ್ಪ ಎಂದರೆ ಅಪ್ಪ ಎನ್ನುತ್ತಿದ್ದ. ಜೈಲು ಎಂದರೆ ಅದಕ್ಕೂ ಹೋಗುತ್ತಿದ್ದ.

"ಬರೋಬ್ಬರಿ ಆತು, ಯಪ್ಪಾ," ಎಂದೆ.

"ಹಂಗಾರ ನಿನ್ನ ಒಯ್ಯಂಗಿಲ್ಲ?"

"ಇಲ್ಲ. ಒಯ್ಯಂಗಿಲ್ಲ."

ಅಪ್ಪ ನಿರಾಳವಾಗಿ ಉಸಿರು ಬಿಟ್ಟು ಮತ್ತೆ ಮೊಣಕಾಲೂರಿದ. ಹಗೇವಿನ ಬಾಯಿ ಇನ್ನೂ ಅರ್ಧ ಉಳಿದಿತ್ತು. ನಾನು ಶೇರವಾನಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಅದನ್ನು ದನ ಕಟ್ಟುವ ಗೂಟಕ್ಕೆ ತೂಗುಹಾಕಿ, ಅವನಿಗೆ ಮಣ್ಣು ಕಲೆಸಿ ಕೊಡಲು ಕೂತೆ.